ಹೊಟ್ಟೆಯೊಳಗಿನ ಒಕ್ಕಲು

ನೀರು ಕುದಿಸಿ ಕುಡಿಯುವ ಪಾಠ ಮುಗಿದಿತ್ತು. ನಮ್ಮ ರಾತ್ರಿ ತರಗತಿಯ ಅಜ್ಜಿಯೊಬ್ಬರು ಕೇಳಿದರು. "ಹಂಗಾರ ಎಲ್ಲಾ ಕ್ರಿಮಿನೂ ಕೆಟ್ಟವೇನ್ರಿ ಅಕ್ಕಾರ?"

ಒಳ್ಳೆಯ ಪ್ರಶ್ನೆ. ಅದಕ್ಕೇ ಈ ಪಾಠ ಬರೆದಿದ್ದೇವೆ.

ಎಲ್ಲವೂ ಕೆಟ್ಟವಲ್ಲ. ನಮ್ಮ ದೊಡ್ಡ ಕರುಳಿನಲ್ಲಿ ಕೋಟಿ ಕೋಟಿ ಜೀವಿಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವಕ್ಕೆ ಬ್ಯಾಕ್ಟೀರಿಯಾ ಎನ್ನುತ್ತಾರೆ. ಜಂತುಹುಳ ಬೇರೆ, ಇವು ಬೇರೆ. ಜಂತುಹುಳಕ್ಕೆ ಮಾತ್ರೆ ತಗೋಬೇಕು. ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮ್ಮ ಒಕ್ಕಲು ಇದ್ದ ಹಾಗೆ. ನಾವು ಉಂಡದ್ದರಲ್ಲಿ ಅವಕ್ಕೂ ಪಾಲು. ಜೋಳ, ಕಾಳು, ಸೊಪ್ಪಿನಲ್ಲಿ ನಾರು ಇರುತ್ತದೆ. ನಾರು ನಮಗೆ ಅರಗುವುದಿಲ್ಲ. ಅದನ್ನು ಅವು ತಿನ್ನುತ್ತವೆ. ತಿಂದು ಒಂದು ಬಗೆಯ ಹುಳಿ ಮಾಡುತ್ತವೆ. ಕರುಳಿನ ಒಳಪದರಕ್ಕೆ ಆ ಹುಳಿಯೇ ಊಟ.

ಎಲ್ಲ ಜನರ ಹೊಟ್ಟೆಯಲ್ಲೂ ಒಂದೇ ಬಗೆಯ ಒಕ್ಕಲು ಇರುತ್ತದೆಯೇ? ಇಲ್ಲ.

ಪಶ್ಚಿಮ ಆಫ್ರಿಕಾದಲ್ಲಿ ಬುರ್ಕಿನಾ ಫಾಸೊ ಎಂಬ ದೇಶವಿದೆ. ಅಲ್ಲಿಯ ಒಂದು ಹಳ್ಳಿಯ 14 ಮಕ್ಕಳ ಮಲವನ್ನು ಇಟಲಿಯ ವಿಜ್ಞಾನಿಗಳು ಪರೀಕ್ಷಿಸಿದರು. ಇಟಲಿಯ ಫ್ಲಾರೆನ್ಸ್ ನಗರದ 15 ಮಕ್ಕಳದ್ದನ್ನೂ ನೋಡಿದರು. ಶೀ, ಅಂತ ಮೂಗು ಮುರೀಬೇಡಿ. ಕರುಳಿನ ಸುದ್ದಿ ಹೊರಗೆ ತರುವುದು ಅದೇ. 2010ರಲ್ಲಿ ಈ ಸಂಗತಿ ಪ್ರಕಟವಾಯಿತು.

ಆ ಹಳ್ಳಿಯ ಮಕ್ಕಳ ಊಟ ಏನು ಗೊತ್ತೇ? ಜೋಳ, ಸಜ್ಜೆ! ಕಲ್ಲಿನಲ್ಲಿ ಬೀಸಿ ಹಿಟ್ಟು ಮಾಡುತ್ತಾರೆ. ಗಟ್ಟಿಯಾಗಿ ಬೇಯಿಸುತ್ತಾರೆ. ಥೇಟ್ ನಮ್ಮ ಜೋಳದ ಮುದ್ದೆ. ಸೊಪ್ಪು ತರಕಾರಿಯ ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ಅಲಸಂದೆ ಕಾಳೂ ಉಂಟು. ಫ್ಲಾರೆನ್ಸ್ ಮಕ್ಕಳ ಊಟದಲ್ಲಿ ಮಾಂಸ, ಸಕ್ಕರೆ, ಕೊಬ್ಬು ಹೆಚ್ಚು. ನಾರು ಕಡಿಮೆ.

ನಾರು ಒಡೆಯುವ ಬ್ಯಾಕ್ಟೀರಿಯಾ ಹಳ್ಳಿಯ ಮಕ್ಕಳಲ್ಲಿ ತುಂಬಿದ್ದವು. ಅವುಗಳಲ್ಲಿ ಕೆಲವು ಬಗೆ ಫ್ಲಾರೆನ್ಸ್ ಮಕ್ಕಳಲ್ಲಿ ಸಿಗಲೇ ಇಲ್ಲ. ಕರುಳಿಗೆ ಬೇಕಾದ ಹುಳಿಯೂ ಹಳ್ಳಿಯ ಮಕ್ಕಳಲ್ಲೇ ಹೆಚ್ಚು. ಹಾಗಂತ ಆ ಹಳ್ಳಿಗೆ ರೋಗವೇ ಬರುವುದಿಲ್ಲ ಎಂದು ತಿಳಿಯಬಾರದು. ಕೆಟ್ಟ ನೀರು ಕುಡಿದರೆ ಯಾರಿಗಾದರೂ ಭೇದಿ ಹತ್ತುತ್ತದೆ.

ಇದು ರಕ್ತದ ಗುಣ, ಕುಲದ ಗುಣ ಎಂದು ಕೆಲವರು ಅನ್ನಬಹುದು. ಇನ್ನೊಂದು ಪರೀಕ್ಷೆ ಕೇಳಿ. ಇದು ಪ್ರಕಟವಾದದ್ದು 2015ರಲ್ಲಿ. ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ. ಅಮೆರಿಕದಲ್ಲಿ ನೆಲೆಸಿದ ಆಫ್ರಿಕಾ ಮೂಲದವರು 20 ಜನ. ಎರಡು ವಾರ ಇವರ ಊಟ ಅವರಿಗೆ, ಅವರ ಊಟ ಇವರಿಗೆ. ಎರಡೇ ವಾರ! ನಾರಿನ ಊಟ ಉಂಡ ಅಮೆರಿಕದವರ ಕರುಳಿನ ಉರಿ ಇಳಿಯಿತು. ಮಾಂಸ, ಕೊಬ್ಬು ಹೆಚ್ಚು ತಿಂದ ಹಳ್ಳಿಯವರ ಕರುಳಿನ ಉರಿ ಏರಿತು. ಒಳಗಿನ ಬ್ಯಾಕ್ಟೀರಿಯಾಗಳ ಕೆಲಸವೂ ಬದಲಾಯಿತು.

ಈ ಪಾಠ ಓದಿದಾಗ ತರಗತಿಯ ಒಬ್ಬ ತಾಯಿ ಹೇಳಿದರು. "ನನ್ನ ಮಗ ರೊಟ್ಟಿ ಬಡವರ ಊಟ ಅಂತಾನ್ರಿ. ಸಾಲಿಗೆ ಬಿಸ್ಕೀಟ ಬೇಡತಾನ." ನಾವೂ ಚಿಕ್ಕಂದಿನಲ್ಲಿ ಬುತ್ತಿಯ ರೊಟ್ಟಿ ಮುಚ್ಚಿಟ್ಟು ತಿಂದವರೇ. ಆಗ ಇದೆಲ್ಲ ಗೊತ್ತಿರಲಿಲ್ಲ. ಅಜ್ಜಿ ನಕ್ಕರು. "ಆ ಒಕ್ಕಲಿಗೆ ಬಿಸ್ಕೀಟ ಹಾಕಿದ್ರ ಉಪಾಸ ಬೀಳ್ತಾವಲ್ಲವಾ!"

ನಿನ್ನೆ ನಿಮ್ಮ ಮನೆಯಲ್ಲಿ ಏನೇನು ಉಂಡಿರಿ? ಬರೆಯಿರಿ. ನಾರು ಇರುವ ಊಟದ ಕೆಳಗೆ ಗೆರೆ ಎಳೆಯಿರಿ. ನಾಳೆ ತರಗತಿಗೆ ತನ್ನಿ, ಕೂಡಿ ಓದೋಣ.