ಆತಿಥ್ಯವನ್ನು ಓದುವ ಬಗೆ: ಜಪಾನಿನಿಂದ ತಾಳವಾಡಿಯವರೆಗೆ

ಪ್ರವಾಸ ಕಥನದಲ್ಲಿ ಮೆಚ್ಚುವುದು ಸುಲಭ. ಮೆಚ್ಚಿದ್ದಕ್ಕೆ ಕಾರಣ ತೋರುವುದು ಕಷ್ಟ. ಜಪಾನನ್ನು ಕಂಡ ಭಾರತೀಯರಲ್ಲಿಯೂ ನೋಟಗಳು ಬೇರೆಬೇರೆ. 1898ರಲ್ಲಿ ಅಲ್ಲಿಗೆ ಹೋದ ಸರ್ ಎಂ. ವಿಶ್ವೇಶ್ವರಯ್ಯನವರು ಕೈಗಾರಿಕೆ, ಶಿಕ್ಷಣಗಳತ್ತ ಗಮನ ಹರಿಸಿದರು. 1916ರಲ್ಲಿ ಹೋದ ರವೀಂದ್ರನಾಥ ಠಾಕೂರರು ಆ ಜನರ ಸೌಂದರ್ಯದೃಷ್ಟಿಯನ್ನು ಮೆಚ್ಚಿಯೂ ಅಲ್ಲಿನ ಉಗ್ರ ರಾಷ್ಟ್ರೀಯತೆಯನ್ನು ಟೀಕಿಸಿದರು. ಬೆರಗು ವಿವೇಚನೆಯನ್ನು ನುಂಗಬಾರದೆಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯದು, ಪದಗಳನ್ನು ಗಮನಿಸುವುದು. ಜಪಾನಿನಲ್ಲಿ ಊಟಕ್ಕೆ ಮುನ್ನ ‘ಇತಾದಾಕಿಮಾಸು’ ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದರ್ಥ. ಊಟದ ಬಳಿಕ ‘ಗೊಚಿಸೋಸಾಮ’ ಎನ್ನುತ್ತಾರೆ. ಇದರೊಳಗಿನ ‘ಚಿಸೋ’ ಎಂಬುದಕ್ಕೆ ಓಡಾಡುವುದು ಎಂಬ ಮೂಲಾರ್ಥವಿದೆ: ಅತಿಥಿಗಾಗಿ ಆತಿಥೇಯನು ಪಟ್ಟ ಶ್ರಮದ ನೆನಪು ಅದು. ನಮ್ಮ ‘ಉಪಚಾರ’, ಮರಾಠಿಯ ‘ಪಾಹುಣಚಾರ’ಗಳಲ್ಲಿಯೂ ಚಲನೆಯನ್ನು ಸೂಚಿಸುವ ‘ಚರ್’ ಧಾತುವೇ ಇದೆ. ಆತಿಥ್ಯವನ್ನು ಬಣ್ಣಿಸುವವನು ತಟ್ಟೆಯ ರುಚಿಯೊಡನೆ ಅದರ ಹಿಂದಿನ ಓಡಾಟವನ್ನೂ ಕಾಣಬೇಕು.

ಈ ಕಣ್ಣಿಗೆ ನಿಜವಾದ ಪರೀಕ್ಷೆ ದೂರದ ದೇಶದಲ್ಲಲ್ಲ, ನೆರೆಯಲ್ಲಿ. ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿರುವ ತಾಳವಾಡಿ ಬೆಟ್ಟಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಅಲ್ಲಿ ‘ಊಟ ಆಯ್ತಾ?’ ಎಂಬ ಪ್ರಶ್ನೆಯೇ ಸ್ವಾಗತ. ಬಡಿಸಿದ ರಾಗಿಮುದ್ದೆ, ಸೊಪ್ಪಿನ ಸಾರುಗಳನ್ನು ಹೊಗಳಿ ಮುಂದೆ ಸಾಗುವ ಪ್ರವಾಸಿಗೆ ಅರ್ಧ ಮಾತ್ರ ಕಂಡಿತು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹೊಲಗಳಿಗೆ ಆನೆಗಳು ನುಗ್ಗುತ್ತವೆ. ಬೆಳೆ ಉಳಿಸಿಕೊಳ್ಳಲು ರೈತರು ರಾತ್ರಿಯಿಡೀ ಕಾವಲಿರುತ್ತಾರೆ. ಆ ಮುದ್ದೆಯಲ್ಲಿ ನಿದ್ದೆಗೆಟ್ಟ ರಾತ್ರಿಗಳೂ ಇವೆ.

ಇನ್ನೊಂದು ಎಚ್ಚರವೂ ಅಗತ್ಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿ ನಿಂತ ಕಾರಣಕ್ಕೆ ಭಾಷೆ ಅಲ್ಲಿಗೆ ವಲಸೆ ಬಂದದ್ದಲ್ಲ. ಡಾ. ರಾಜಕುಮಾರ್ ಹುಟ್ಟಿದ ದೊಡ್ಡ ಗಾಜನೂರು ಇರುವುದೂ ಇಲ್ಲಿಯೇ. ‘ಇಲ್ಲಿಯೂ ಕನ್ನಡವಿದೆಯೇ!’ ಎಂದು ಉದ್ಗರಿಸುವ ಪ್ರವಾಸಿ, ಮನೆಯವರನ್ನೇ ಅತಿಥಿಗಳನ್ನಾಗಿಸುತ್ತಾನೆ. ಜಪಾನಿನಲ್ಲಿ ಸಹಜವಾದ ಬೆರಗು ತಾಳವಾಡಿಯಲ್ಲಿ ಅವಿವೇಕವಾಗುತ್ತದೆ.

ಅಭ್ಯಾಸ: ನೀವು ಉಂಡ ಒಂದು ಆತಿಥ್ಯದ ಊಟವನ್ನು ‘ಅದ್ಭುತ’, ‘ಸುಂದರ’, ‘ರುಚಿಕರ’ ಎಂಬ ವಿಶೇಷಣಗಳಿಲ್ಲದೆ ಒಂದು ಪುಟದಲ್ಲಿ ವರ್ಣಿಸಿರಿ. ಬಡಿಸಿದ ಕೈಗಳ ದುಡಿಮೆ ಅದರಲ್ಲಿ ಕಾಣಲಿ.