‘ಮಾನ ಹೋಯಿತು’ ಎನ್ನುವ ಮೊದಲು: ಖಾಸಗಿ ಚಿತ್ರಗಳ ಪ್ರಸಾರ ಮತ್ತು ಕಾನೂನಿನ ಭಾಷೆ

ಭಾಷೆಯ ವಿದ್ಯಾರ್ಥಿಗಳಿಗೆ ಕಾನೂನಿನ ಬರಹವೂ ಒಂದು ಪಠ್ಯವೇ. ಅಲ್ಲಿಯೂ ಒಂದು ಪದದ ಆಯ್ಕೆಯಿಂದ ಅರ್ಥ ಬದಲಾಗುತ್ತದೆ; ಅರ್ಥದೊಡನೆ ಮನುಷ್ಯರ ಬದುಕೂ ಬದಲಾಗುತ್ತದೆ. ಒಬ್ಬರ ಖಾಸಗಿ ಚಿತ್ರವನ್ನು ಅವರ ಸಮ್ಮತಿಯಿಲ್ಲದೆ ಹಂಚುವ ಕೃತ್ಯವನ್ನು ಆಡುಮಾತು ಹೇಗೆ ಹೆಸರಿಸುತ್ತದೆ, ಭಾರತದ ಕಾನೂನು ಹೇಗೆ ಹೆಸರಿಸುತ್ತದೆ ಎಂಬುದನ್ನು ಜೊತೆಗಿರಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಆಡುಮಾತಿನ ಹೆಸರುಗಳು

ಇಂತಹ ಘಟನೆ ನಡೆದಾಗ ಮೊದಲು ಕೇಳಿಬರುವ ಮಾತು ‘ಮಾನ ಹೋಯಿತು’ ಎಂಬುದು. ‘ಹೋಯಿತು’ ಅಕರ್ಮಕ ಕ್ರಿಯಾಪದ. ಅದರಲ್ಲಿ ಮಾಡಿದವನಿಗೆ ಸ್ಥಾನವಿಲ್ಲ. ಕೃತ್ಯ ಎಸಗಿದವನು ವಾಕ್ಯದಿಂದಲೇ ಮರೆಯಾಗುತ್ತಾನೆ. ನಷ್ಟ ಮಾತ್ರ ನೊಂದವರ ಪಾಲಿಗೆ ಉಳಿಯುತ್ತದೆ.

ಎರಡನೆಯ ಪದ ‘ಅಶ್ಲೀಲ’. ಕಾವ್ಯಮೀಮಾಂಸೆಯಲ್ಲಿ ಇದು ಕಾವ್ಯದೋಷಗಳಲ್ಲೊಂದು; ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಅದಕ್ಕೆ ಮೂರು ಬಗೆ. ಅಲ್ಲಿ ದೋಷ ಇರುವುದು ಉಕ್ತಿಯಲ್ಲಿ. ಅದೇ ರೀತಿ ಚಿತ್ರವನ್ನು ಅಶ್ಲೀಲವೆಂದು ಕರೆದೊಡನೆ ದೋಷ ಚಿತ್ರದೊಳಕ್ಕೆ, ಅಲ್ಲಿಂದ ಚಿತ್ರದಲ್ಲಿರುವ ವ್ಯಕ್ತಿಯ ಮೇಲಕ್ಕೆ ಸರಿಯುತ್ತದೆ. ಇಂಗ್ಲಿಷಿನಿಂದ ಬಂದ ‘ರಿವೆಂಜ್ ಪೋರ್ನ್’ ಎಂಬ ಮಾತಿನದೂ ಇದೇ ತೊಡಕು. ಪ್ರತೀಕಾರವೆಂದರೆ ಮೊದಲೊಂದು ಅಪರಾಧ ನಡೆದಿತ್ತು, ಇದು ಅದಕ್ಕೆ ಉತ್ತರ ಎಂಬ ಧ್ವನಿ ಹೊರಡುತ್ತದೆ.

ಕಾನೂನು ಬೆಳೆದ ಬಗೆ

ಕಾನೂನೂ ಆರಂಭದಲ್ಲಿ ಇದೇ ಜಾಡಿನಲ್ಲಿ ನಡೆಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಂ ವಿಚಾರಿಸುವುದು ಚಿತ್ರ ಅಶ್ಲೀಲವೇ ಎಂಬುದನ್ನು. ಚಿತ್ರದಲ್ಲಿರುವವರು ಒಪ್ಪಿದ್ದರೇ ಎಂಬುದನ್ನಲ್ಲ. 2008ರ ತಿದ್ದುಪಡಿ 66ಇ ಕಲಮನ್ನು ಸೇರಿಸಿತು. ಯಾವುದೇ ವ್ಯಕ್ತಿಯ ಗುಪ್ತಾಂಗದ ಚಿತ್ರವನ್ನು ಸಮ್ಮತಿಯಿಲ್ಲದೆ, ಖಾಸಗಿತನಕ್ಕೆ ಭಂಗ ತರುವ ಸಂದರ್ಭದಲ್ಲಿ ಸೆರೆಹಿಡಿಯುವುದು, ಪ್ರಕಟಿಸುವುದು, ರವಾನಿಸುವುದು ಅಪರಾಧವಾಯಿತು. ಮೂರು ವರ್ಷಗಳವರೆಗೆ ಸೆರೆ, 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ರಶ್ನೆ ‘ಅಶ್ಲೀಲವೇ?’ ಎಂಬಲ್ಲಿಂದ ‘ಸಮ್ಮತಿ ಇತ್ತೇ?’ ಎಂಬಲ್ಲಿಗೆ ಸರಿದದ್ದು ಇಲ್ಲಿ.

2013ರಲ್ಲಿ ಭಾರತ ದಂಡ ಸಂಹಿತೆಗೆ 354ಸಿ ಕಲಂ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೆಯ ಕಲಂ. ಹಳೆಯ ಪಾಠ ಅಪರಾಧಿಯನ್ನು ‘ಪುರುಷ’ ಎಂದು ಗುರುತಿಸಿತ್ತು. ಹೊಸದು ‘ಯಾರೇ ಆಗಲಿ’ ಎನ್ನುತ್ತದೆ. ಮೊದಲ ಬಾರಿಯ ಅಪರಾಧಕ್ಕೆ ಒಂದರಿಂದ ಮೂರು ವರ್ಷ, ಮರುಕಳಿಸಿದರೆ ಮೂರರಿಂದ ಏಳು ವರ್ಷ ಸೆರೆ, ಜೊತೆಗೆ ದಂಡ.

ಎರಡು ಸಮ್ಮತಿಗಳು

ಈ ಕಲಮಿನ ತಿರುಳು ಅದರ ಎರಡನೆಯ ವಿವರಣೆಯಲ್ಲಿದೆ. ಚಿತ್ರ ತೆಗೆಯಲು ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧ. ‘ತೆಗೆಯಲು ಬಿಟ್ಟದ್ದೇಕೆ?’ ಎಂದು ಊರು ಕೇಳುವ ಪ್ರಶ್ನೆಗೆ ಕಾನೂನು ಇಲ್ಲಿ ಬಾಗಿಲು ಮುಚ್ಚಿದೆ. ‘ಸಮ್ಮತಿ’ ಎಂಬುದರಲ್ಲಿ ‘ಮತಿ’ ಇದೆ; ಪ್ರತಿಯೊಂದು ಕಾರ್ಯಕ್ಕೂ ಮನಸ್ಸು ಬೇರೆಯಾಗಿಯೇ ಒಪ್ಪಬೇಕು. ಹದಿನೆಂಟು ತುಂಬದವರ ವಿಷಯದಲ್ಲಿ ಮಾತ್ರ ಸಮ್ಮತಿಯ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೆ 67ಬಿ ಕಲಂ ಮತ್ತು ಪೋಕ್ಸೊ ಕಾಯ್ದೆ ಇವೆ.

ಇದರ ಹಿಂದಿನ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಎತ್ತಿಹಿಡಿಯಿತು: ಖಾಸಗಿತನ ಮೂಲಭೂತ ಹಕ್ಕು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಮರುವರ್ಷ ಪಶ್ಚಿಮ ಬಂಗಾಳದ ತಮ್ಲುಕ್ ನ್ಯಾಯಾಲಯ, ಯುವತಿಯೊಬ್ಬರ ಖಾಸಗಿ ಚಿತ್ರಗಳನ್ನು ಅಂತರಜಾಲದಲ್ಲಿ ಹರಿಯಬಿಟ್ಟವನಿಗೆ ಐದು ವರ್ಷಗಳ ಸೆರೆ ವಿಧಿಸಿತು.

ಕೊರತೆಗಳೂ ಇವೆ. 77ನೆಯ ಕಲಂ ರಕ್ಷಿಸುವುದು ಮಹಿಳೆಯರನ್ನು ಮಾತ್ರ. 66ಇ ಎಲ್ಲರಿಗೂ ಅನ್ವಯಿಸಿದರೂ ಗುಪ್ತಾಂಗದ ಚಿತ್ರಕ್ಕೆ ಸೀಮಿತ; ಒಂದು ಚುಂಬನದ ಚಿತ್ರ ಅದರ ವ್ಯಾಪ್ತಿಗೆ ಬಾರದು. 67 ಮತ್ತು 67ಎ ಕಲಂಗಳು ಇಂದಿಗೂ ಸಮ್ಮತಿಯ ಮಾತನ್ನೇ ಆಡುವುದಿಲ್ಲ.

ಗಡಿನಾಡಿನಲ್ಲಿ ದೂರು

ಕಾಸರಗೋಡು, ಹೊಸೂರು, ಆದೋನಿಯಂತಹ ಕಡೆ ಕನ್ನಡ ವಿದ್ಯಾರ್ಥಿನಿಗೆ ಇನ್ನೊಂದು ತಡೆಯಿದೆ. ತಾಯಿಗೂ ಹೇಳಲಾಗದ ವಿಷಯವನ್ನು ಆಕೆ ಠಾಣೆಯಲ್ಲಿ ಮಲಯಾಳದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಬೇಕಾಗಬಹುದು. ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಕೃತ್ಯ ಗಡಿಯ ಆಚೆ ನಡೆದಿದ್ದರೂ, ಠಾಣೆಯ ವ್ಯಾಪ್ತಿಯ ಕಾರಣ ಹೇಳಿ ಮಾಹಿತಿ ದಾಖಲಿಸಲು ನಿರಾಕರಿಸುವಂತಿಲ್ಲ ಎಂಬುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಆಶಯ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ಕೊಡಬಹುದು. ಭಯದಿಂದ ಎಲ್ಲವನ್ನೂ ಅಳಿಸುವ ಬದಲು ಖಾತೆಯ ಹೆಸರು, ಕೊಂಡಿ, ದಿನಾಂಕ, ಸಂದೇಶಗಳನ್ನು ಉಳಿಸಿಕೊಳ್ಳುವುದು ಅಗತ್ಯ, ಅವೇ ಸಾಕ್ಷ್ಯ.

ಕನ್ನಡ ಓದಿದವರ ನೆರವು ಬೇಕಾಗುವುದು ದೂರು ಬರೆಯುವ ಈ ಹಂತದಲ್ಲಿ. ‘ನನ್ನ ಮಾನ ಹೋಗಿದೆ’ ಎಂದು ಬರೆದರೆ ನೋವು ತಿಳಿಯುತ್ತದೆ, ಅಪರಾಧ ತಿಳಿಯುವುದಿಲ್ಲ. ‘ಇಂತಹ ದಿನ, ಇಂತಹ ಖಾತೆಯಿಂದ, ಇಂತಹವನು ನನ್ನ ಖಾಸಗಿ ಚಿತ್ರವನ್ನು ನನ್ನ ಸಮ್ಮತಿಯಿಲ್ಲದೆ ಹಂಚಿದ್ದಾನೆ’ ಎಂಬ ವಾಕ್ಯದಲ್ಲಿ ಕರ್ತೃ ಇದ್ದಾನೆ, ಕರ್ಮವಿದೆ, ಸಕರ್ಮಕ ಕ್ರಿಯೆಯಿದೆ. ಕಾನೂನು ಕೇಳುವ ಅಂಶಗಳೂ ಇವೆ. ಮಾಡಿದವನನ್ನು ವಾಕ್ಯಕ್ಕೆ ಮರಳಿ ತಂದಾಗ ನಾಚಿಕೆಯೂ ಸೇರಬೇಕಾದವನನ್ನು ಸೇರುತ್ತದೆ.

ಚರ್ಚೆಗೆ

1. ‘ಮಾನಹರಣ’, ‘ಮಾನ ಹೋಯಿತು’: ಈ ಎರಡು ಪ್ರಯೋಗಗಳಲ್ಲಿ ಕರ್ತೃವಿನ ಸ್ಥಾನವನ್ನು ಹೋಲಿಸಿ.
2. ‘ರಿವೆಂಜ್ ಪೋರ್ನ್’ ಎಂಬುದಕ್ಕೆ ನೊಂದವರ ಮೇಲೆ ದೋಷ ಹೊರಿಸದ ಕನ್ನಡ ಪದವೊಂದನ್ನು ಸೂಚಿಸಿ, ಸಮರ್ಥಿಸಿ.
3. ಪತ್ರಿಕೆಯೊಂದರಲ್ಲಿ ಬಂದ ಇಂತಹ ಸುದ್ದಿಯ ಅಕರ್ಮಕ ವಾಕ್ಯಗಳನ್ನು ಗುರುತಿಸಿ, ಸಕರ್ಮಕವಾಗಿ ತಿದ್ದಿ ಬರೆಯಿರಿ.