ಮೊಪೆಡ್ಡಿನ ಕಿಡಿ ನಿಂತರೆ ಮೊದಲು ನೋಡತಕ್ಕದ್ದೇನು?



1980ರಲ್ಲಿ ನಮ್ಮ ಹೊಸೂರಿನಲ್ಲಿಯೇ ತಯಾರಾಗಿ ಟಿವಿಎಸ್ 50 ಹೊರಬಂದಿತು. ಅಂದಿನಿಂದ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ ಎಲ್ಲಕ್ಕೂ ನಮಗೆ ಮೊಪೆಡ್ಡೇ ಎತ್ತು. ಬೆಳಿಗ್ಗೆ ಅದು ಹೊರಡದಿದ್ದರೆ ಡೇರಿಯ ಹೊತ್ತು ಮೀರಿ, ಕರೆದ ಹಾಲು ಮನೆಯಲ್ಲೇ ಉಳಿಯುತ್ತದೆ. ಆಗ ಗಾಬರಿಬಿದ್ದು ಕಾಯಿಲ್ ಕೊಂಡು ಹಣ ಕಳೆಯುವವರುಂಟು. ಕಿಡಿಯ ದಾರಿಯನ್ನು ತುದಿಯಿಂದ ಹಿಂದಕ್ಕೆ ಕ್ರಮವಾಗಿ ನೋಡುತ್ತ ಹೋದರೆ ದೋಷವು ಬಹಳ ಸಲ ಕಡಿಮೆ ಬೆಲೆಯ ಭಾಗದಲ್ಲೇ ಸಿಗುತ್ತದೆ.

ಈ ಪಾಠ ಮ್ಯಾಗ್ನೆಟೋ ಇರುವ ಹಳೆಯ ಗಾಡಿಗಳಿಗೆ. 2020ರಿಂದೀಚಿನ ಇಂಜೆಕ್ಷನ್ ಗಾಡಿಗಳ ತಂತಿಗಳಿಗೆ ನಾವು ಕೈ ಹಾಕಬಾರದು.

1. ಪ್ಲಗ್: ಪಾನಾದಿಂದ ಬಿಚ್ಚಿ ತುದಿ ನೋಡಿರಿ. ಕಂದು ಬಣ್ಣ ಒಳ್ಳೆಯದು. ಕಪ್ಪು ಮಸಿ, ಎಣ್ಣೆ ಇದ್ದರೆ ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ತುಳಿದು ತುಳಿದು ಸಾಕಾದರೂ ತುದಿ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲವೆಂದು ಸಂಶಯಪಡಿರಿ. ತುದಿಯ ಸಂದು ಸಾಮಾನ್ಯವಾಗಿ 0.5ರಿಂದ 0.7 ಮಿ.ಮೀ.; ಗಾಡಿಯ ಕೈಪಿಡಿಯಲ್ಲಿರುವ ಅಳತೆಯೇ ಪ್ರಮಾಣ.

2. ಕಿಡಿಯ ಪರೀಕ್ಷೆ: ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ ಪೆಡಲು ತುಳಿಯಿರಿ. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲ್ ಆವಿ ಬರುವುದರಿಂದ ಕಿಡಿ ಅದರ ಹತ್ತಿರ ಇರಕೂಡದು. ಹುಲ್ಲಿನ ಬಣವೆಯಿಂದಲೂ ದೂರವಿರಿ. ಬರಿಗೈಯಲ್ಲಿ ಹಿಡಿಯದೆ ರಬ್ಬರು ಹಿಡಿಯ ಇಕ್ಕಳ ಬಳಸಿರಿ. ನೀಲಿ ಕಿಡಿ ಚಟಚಟನೆ ಹಾರಿದರೆ ಸರಿ. ಕಿಡಿ ಇಲ್ಲದಿದ್ದರೆ, ಇಲ್ಲವೆ ಮಂಕಾಗಿ ಹಳದಿಯಾಗಿದ್ದರೆ, ಚೆನ್ನಾಗಿರುವ ಬೇರೊಂದು ಪ್ಲಗ್ ಹಾಕಿ ನೋಡಿರಿ.

3. ಟೋಪಿ: ಮಳೆಗಾಲದಲ್ಲಿ ತೇವ ಹಿಡಿದರೆ ಕಿಡಿ ಪಕ್ಕಕ್ಕೆ ಸೋರುತ್ತದೆ. ಒರೆಸಿ ಒಣಗಿಸಿರಿ. ತಂತಿಯ ತುದಿ ಕಪ್ಪಾಗಿದ್ದರೆ ಸ್ವಲ್ಪ ಕತ್ತರಿಸಿ ಬಿಗಿಯಾಗಿ ಕೂಡಿಸಿರಿ.

4. ನಿಲ್ಲಿಸುವ ಸ್ವಿಚ್ಚಿನ ತಂತಿ: ಇದನ್ನು ಮರೆಯುವವರೇ ಹೆಚ್ಚು. ಸ್ವಿಚ್ಚು ಒತ್ತಿದಾಗ ಮ್ಯಾಗ್ನೆಟೋದ ವಿದ್ಯುತ್ತು ಗಾಡಿಯ ಮೈಗೆ ಹರಿದು ಇಂಜಿನ್ ನಿಲ್ಲುತ್ತದೆ. ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದರೂ ಫಲ ಅದೇ. ತಂತಿಯನ್ನು ತಾತ್ಕಾಲಿಕವಾಗಿ ಬಿಡಿಸಿ ಪರೀಕ್ಷಿಸಿರಿ. ಕಿಡಿ ಬಂದರೆ ಕಳ್ಳ ಸಿಕ್ಕಿದನೆಂದೇ ತಿಳಿಯಿರಿ. ಅದನ್ನು ಸರಿಪಡಿಸಿ ಮತ್ತೆ ಕೂಡಿಸತಕ್ಕದ್ದು. ಇಲ್ಲವಾದರೆ ಸ್ವಿಚ್ಚಿನಿಂದ ಇಂಜಿನ್ ನಿಲ್ಲದು.

5. ಪಾಯಿಂಟು: ಇದು ಹಳೆಯ ಗಾಡಿಗಳಲ್ಲಿ ಮಾತ್ರ ಇರುತ್ತದೆ. ಸುಟ್ಟು ಕಪ್ಪಾಗಿದ್ದರೆ ತೆಳು ಉಪ್ಪುಕಾಗದದಿಂದ ತೀಡಿ, ಧೂಳನ್ನು ಒರೆಸಿ, ಕೈಪಿಡಿಯ ಅಳತೆಗೆ ಸಂದು ಇಡಬೇಕು.

6. ಕಾಯಿಲ್: ಇದು ಕೊನೆಯ ಸರದಿ. ತಣ್ಣಗಿರುವಾಗ ಹೊರಟು, ಕಾದ ಮೇಲೆ ಕಿಡಿ ನಿಂತು, ಆರಿದ ಮೇಲೆ ಮತ್ತೆ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್ ಬಲಗುಂದಿದೆಯೆಂದು ಎಣಿಸಬಹುದು. ಆಗ ಮೆಕ್ಯಾನಿಕ್ಕನ ಬಳಿಗೆ ಹೋಗುವುದು ಲೇಸು. ನೋಡಿದ್ದನ್ನೆಲ್ಲ ಅವನಿಗೆ ಹೇಳಿದರೆ ಅವನ ಹೊತ್ತೂ ನಮ್ಮ ಹಣವೂ ಉಳಿಯುತ್ತವೆ.

ಒಂದು ಒಳ್ಳೆಯ ಪ್ಲಗ್, ಒಂದು ಪಾನಾ, ಒಂದು ತುಂಡು ಒಣಬಟ್ಟೆ ಸದಾ ಗಾಡಿಯಲ್ಲಿರಲಿ.